ಮೊದಲು ನಡೆದವರು ಯಾರು?

ಮಾನ್ಯ ಸಂಪಾದಕರೇ,

ಮೊನ್ನೆ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದ ಹುಡುಗರು ಕಕ್ಕಬ್ಬೆಯಲ್ಲಿ ಕಾಫಿ ಕುಡಿಯುತ್ತಾ ವಾದಕ್ಕೆ ಬಿದ್ದಿದ್ದರು. ಅಮೆರಿಕದ ಅಪಲಾಚಿಯನ್ ಹಾದಿಯನ್ನು ಪೂರ್ತಿ ನಡೆದ ಮೊದಲಿಗ ಯಾರು ಅಂತ. ಪಕ್ಕದಲ್ಲೇ ಕೂತಿದ್ದ ನಾನು ಸುಮ್ನೆ ಇದ್ದೆ. ಈಗ ಹೇಳುತ್ತೇನೆ.

ಜಾರ್ಜಿಯಾದಿಂದ ಮೇನ್‌ವರೆಗೆ ಸುಮಾರು 3,500 ಕಿಲೋಮೀಟರ್. ಹಾದಿ ಪೂರ್ತಿಯಾದದ್ದು 1937ರಲ್ಲಿ. ಹಾದಿ ಕಟ್ಟುವ ಕೆಲಸದ ಮುಂದಾಳು ಮೈರನ್ ಏವರಿ ಅದಕ್ಕೂ ಒಂದು ವರ್ಷ ಮೊದಲೇ ಅಷ್ಟನ್ನೂ ನಡೆದಿದ್ದರು. ಆದರೆ ತುಂಡು ತುಂಡಾಗಿ, ಅಳೆಯುವ ಚಕ್ರ ತಳ್ಳಿಕೊಂಡು. ಒಂದೇ ಸಲಕ್ಕೆ ನಡೆದ ಮೊದಲಿಗ ಅಂತ ಹೆಸರಾದದ್ದು ಅರ್ಲ್ ಶಾಫರ್, 1948ರಲ್ಲಿ, 124 ದಿನಗಳಲ್ಲಿ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕ. ನಡೆದೂ ನಡೆದೂ ಯುದ್ಧವನ್ನು ಮೈಯಿಂದ ಕಳೆದುಕೊಳ್ಳಬೇಕು ಅಂತ ಹೊರಟವರು. ಪಟ್ಟಾಳಕ್ಕೆ ಹೋಗಿ ಬಂದವರು ಊರೂರಲ್ಲೂ ಇರುವ ನಮ್ಮ ಕೊಡಗಿಗೆ ಈ ಮಾತು ಬೇಗ ಅರ್ಥವಾಗುತ್ತದೆ, ಅಲ್ವಾ?

ಹಾದಿ ನೋಡಿಕೊಳ್ಳುವವರೇ ಶಾಫರ್ ಅವರನ್ನು ಮೊದಲು ನಂಬಲಿಲ್ಲ. ಫೋಟೋ, ದಿನಚರಿ ತೋರಿಸಿದ ಮೇಲೆ ಒಪ್ಪಿದರು. 1936ರಲ್ಲೇ ನ್ಯೂಯಾರ್ಕಿನ ಸ್ಕೌಟ್ ಹುಡುಗರು ಮುಗಿಸಿದ್ದರು ಎಂಬ ವಾದವೂ ಆಮೇಲೆ ಬಂತು. ಶಾಫರ್ ಮಾತ್ರ 1998ರಲ್ಲಿ, 79ರ ವಯಸ್ಸಿನಲ್ಲಿ, ಅದೇ ಹಾದಿಯನ್ನು ಮತ್ತೆ ನಡೆದು ಮುಗಿಸಿದರು! ನನಗೆ ಮೊದಲಿಗನ ಪಟ್ಟಕ್ಕಿಂತ ಇದೇ ಜಾಸ್ತಿ ಹಿಡಿಸಿತು.

ಪುಷ್ಪಗಿರಿಯನ್ನು ಮೊದಲು ಹತ್ತಿದವರು ಯಾರು ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಜೇನು, ದನ, ದೇವರು ಅಂತ ಕಾಡಿನವರು ಓಡಾಡಿದ ಕಾಲುದಾರಿಗೆ ದಿನಚರಿ ಎಲ್ಲಿಂದ ಬರಬೇಕು? ಆ ದಾರಿಗಳು ಗೊತ್ತಿರುವ ಹಿರಿಯರು ಇರುವಾಗಲೇ ನಿಮ್ಮ ಪತ್ರಿಕೆ ಅವರನ್ನು ಮಾತಾಡಿಸಲಿ.

– ಒಬ್ಬ ಓದುಗ, ಕಕ್ಕಬ್ಬೆ