ಕುರ್ಚಿ ಕೊಟ್ಟರೆ ಸಾಲದು, ಮಾತೂ ಬೇಕು

ಮಾನ್ಯರೇ,

ಅಮೆರಿಕದ ಹಳೆಯ ಬಾಹ್ಯಾಕಾಶ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ (1966–69) ಪ್ರಸ್ತಾಪ ಬಂದಾಗಲೆಲ್ಲ ಅದರ ಸಮಾನತೆಯ ಗುಣಗಾನ ನಡೆಯುತ್ತದೆ. ಅಮೆರಿಕದಲ್ಲಿ ವರ್ಣಭೇದದ ಬೇಗೆ ಆರಿರದ ಕಾಲದಲ್ಲಿ ನೌಕೆಯ ನಿಯಂತ್ರಣ ಕೊಠಡಿಯಲ್ಲಿ ಕಪ್ಪು ಮಹಿಳೆ ಉಹುರಾ, ಏಷ್ಯಾ ಮೂಲದ ಸುಲು ಅಧಿಕಾರಿಗಳಾಗಿ ಕೂತಿದ್ದು ದೊಡ್ಡ ವಿಷಯವೇ. ಆದರೆ ಕೂತವರಿಗೆ ಕೆಲಸ ಎಷ್ಟಿತ್ತು ಎಂಬುದು ಕಂತುಗಳನ್ನು ನೋಡಿದರೆ ತಿಳಿಯುತ್ತದೆ.

ಆರಂಭದ ಟೈಟಲ್‌ನಲ್ಲಿ ನಾಯಕ ಕ್ಯಾಪ್ಟನ್ ಕಿರ್ಕ್ ಪಾತ್ರದ ಶಾಟ್ನರ್, ಅವನ ಸಹಾಯಕ ಅಧಿಕಾರಿ ಸ್ಪಾಕ್ ಪಾತ್ರದ ನಿಮೋಯ್ ಹೆಸರುಗಳಿವೆ. ಎರಡನೇ ಸೀಸನ್‌ನಿಂದ ನೌಕೆಯ ವೈದ್ಯನ ಪಾತ್ರದ ಕೆಲ್ಲಿ ಸೇರಿದರು. ಉಹುರಾ ಪಾತ್ರದ ನಿಶೆಲ್ ನಿಕೋಲ್ಸ್, ಸುಲು ಪಾತ್ರದ ಜಾರ್ಜ್ ಟಕೇ ಹೆಸರು ಕೊನೆಯವರೆಗೂ ಕಂತು ಮುಗಿದ ಮೇಲಷ್ಟೇ. (ಬಿಳಿಯ ಸಹನಟರಾದ ಡೂಹನ್, ಕೇನಿಗ್ ಹೆಸರೂ ಅಲ್ಲೇ ಎಂಬುದನ್ನು ಮುಚ್ಚಿಡಬಾರದು.) ಮೊದಲ ಸೀಸನ್‌ನಲ್ಲಿ ನಿಕೋಲ್ಸ್‌ಗೆ ಕರೆದ ದಿನದ ಲೆಕ್ಕದಲ್ಲಿ ಸಂಭಾವನೆ. ಚಿತ್ರಕಥೆ ಉದ್ದವಾದರೆ ಕತ್ತರಿ ಎಲ್ಲಿ ಬೀಳುತ್ತದೆ? ನಾಯಕರ ಮಾತು ತೆಗೆದರೆ ಕಥೆಯೇ ನಿಲ್ಲುತ್ತದೆ. ಉಹುರಾಳ ನಾಲ್ಕು ಸಾಲು ತೆಗೆದರೆ ಯಾರಿಗೂ ಗೊತ್ತಾಗದು. ಉಳಿಯುವುದು ಸಂಪರ್ಕ ತೆರೆದಿದೆ ಎಂಬ ವರದಿ ಮಾತ್ರ. ಸಂದೇಶ ಬರುವುದು ಅವಳ ಕಿವಿಗೆ, ಅದರ ಅರ್ಥ ಬಿಡಿಸುವುದು ಬಹುಪಾಲು ಸ್ಪಾಕ್. ಅವಳ ಜಾಗವೋ ಕ್ಯಾಪ್ಟನ್ ಬೆನ್ನ ಹಿಂದೆ! ಎಷ್ಟೋ ಶಾಟ್‌ಗಳಲ್ಲಿ ಅವಳು ಬರೀ ಹಿನ್ನೆಲೆ.

ಮಾರ್ಟಿನ್ ಲೂಥರ್ ಕಿಂಗ್ ತಡೆದದ್ದರಿಂದ ತಾವು ಧಾರಾವಾಹಿ ಬಿಡಲಿಲ್ಲವೆಂದು ನಿಕೋಲ್ಸ್ ಹೇಳಿಕೊಂಡ ಪ್ರಸಂಗ ಎಲ್ಲರಿಗೂ ಪ್ರಿಯ. ಬಿಡಲು ಹೊರಟದ್ದೇಕೆ ಎಂದು ಕೇಳುವವರು ಕಡಿಮೆ. 1968ರ ನವೆಂಬರ್‌ನ ಕಂತಿನಲ್ಲಿ ಕಿರ್ಕ್–ಉಹುರಾ ನಡುವಿನ ಪ್ರಸಿದ್ಧ ಚುಂಬನದ ಕಥೆಯೂ ಹೀಗೆಯೇ: ಕಥೆಯೊಳಗೆ ಅದು ಪ್ರೇಮವಲ್ಲ, ಅನ್ಯಗ್ರಹದವರು ಮನೋಬಲದಿಂದ ಇಬ್ಬರ ಮೇಲೂ ಹೇರಿದ ಶಿಕ್ಷೆ. ಸುಲುವಿಗೆ ‘ಹಿಕಾರು’ ಎಂಬ ಮೊದಲ ಹೆಸರು ತೆರೆಯ ಮೇಲೆ ಬಂದದ್ದು 1991ರ ಚಲನಚಿತ್ರದಲ್ಲಿ. ಉಹುರಾಳ ‘ನ್ಯೋಟಾ’ಗೆ 2009ರವರೆಗೆ ಕಾಯಬೇಕಾಯಿತು.

ಅತಿಥಿ ಪಾತ್ರಗಳಲ್ಲಿ ಮಾತ್ರ ಔದಾರ್ಯ ಕಾಣುತ್ತದೆ. ಪರ್ಸಿ ರೋಡ್ರಿಗೆಜ್ ಕಿರ್ಕ್‌ಗಿಂತ ಮೇಲಿನ ದರ್ಜೆಯ ಕಮಡೋರ್. ವಿಲಿಯಂ ಮಾರ್ಷಲ್ ಮಹಾ ಕಂಪ್ಯೂಟರ್ ವಿಜ್ಞಾನಿ. ಇಬ್ಬರೂ ಕಪ್ಪು ನಟರು, ಒಂದೊಂದೇ ಕಂತು. ಮುಂದಿನ ವಾರ ಇರದವರಿಗೆ ಉನ್ನತ ಹುದ್ದೆ ಕೊಡಲು ನಿರ್ಮಾಪಕರಿಗೆ ಖರ್ಚೇನಿಲ್ಲ.

ನಮಗೆ ನೇರವಾಗಿ ತಟ್ಟುವ ಪಾತ್ರ ಖಾನ್ ನೂನಿಯನ್ ಸಿಂಗ್. 1967ರ ‘ಸ್ಪೇಸ್ ಸೀಡ್’ ಕಂತಿನಲ್ಲಿ ಅವನು ಉತ್ತರ ಭಾರತದವನು, ಬಹುಶಃ ಸಿಖ್ ಎಂಬ ಊಹೆಯಿದೆ. ಆದರೂ ಪೇಟವಿಲ್ಲ, ಗಡ್ಡವಿಲ್ಲ. ನಟ ಮೆಕ್ಸಿಕೋದ ರಿಕಾರ್ಡೊ ಮಾಂಟಲ್ಬಾನ್. ಅಭಿನಯ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. 2013ರ ಸಿನಿಮಾದಲ್ಲಿ ಅದೇ ಪಾತ್ರ ಇಂಗ್ಲೆಂಡಿನ ಬಿಳಿಯ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಪಾಲಾಯಿತು. ಅರ್ಧ ಶತಮಾನದಲ್ಲಿ ಭಾರತೀಯ ಪಾತ್ರ ಭಾರತೀಯರ ಕಡೆಗಲ್ಲ, ಇನ್ನಷ್ಟು ದೂರ ಸರಿಯಿತು.

ಅರವತ್ತರ ದಶಕವೇ ಹಾಗೆ ಎನ್ನುವವರು ಅದೇ ಸರಣಿಯ ಮುಂದಿನ ಧಾರಾವಾಹಿ ‘ವಾಯೇಜರ್’ (1995–2001) ನೋಡಲಿ. ಬಿಳಿಯ ಅಧಿಕಾರಿ ಟಾಮ್ ಪ್ಯಾರಿಸ್ ಹಿಂಬಡ್ತಿಗೆ ಒಳಗಾಗಿ ಮತ್ತೆ ಲೆಫ್ಟಿನೆಂಟ್ ಆದ. ಕಪ್ಪು ನಟ ಟಿಮ್ ರಸ್ ನಟಿಸಿದ ಟುವಾಕ್‌ಗೂ ಬಡ್ತಿ ಸಿಕ್ಕಿತು. ಏಷ್ಯಾ ಮೂಲದ ಹ್ಯಾರಿ ಕಿಮ್ ಮಾತ್ರ ಏಳು ಸೀಸನ್ ಕಾಲ ಎನ್ಸೈನ್ (ಅಧಿಕಾರಿಗಳಲ್ಲಿ ಅತಿ ಕೆಳಗಿನ ದರ್ಜೆ) ಆಗಿಯೇ ಉಳಿದ. ಕೊನೆಯ ಕಂತಿನ ಭವಿಷ್ಯದಲ್ಲಿ ಅವನು ಕ್ಯಾಪ್ಟನ್ ಆಗಿರುತ್ತಾನೆ. ಕಥೆ ಮುಗಿಯುವಷ್ಟರಲ್ಲಿ ಆ ಭವಿಷ್ಯವೇ ಅಳಿಸಿಹೋಗುತ್ತದೆ.

– ಓರ್ವ ಓದುಗ, ಮೈಸೂರು