ಕರಾರಿನಲ್ಲಿ ಎಂಟು, ಕೈಯಲ್ಲಿ ಆರು

ಸಂಪಾದಕರೇ,

ನಾನು ನಿವೃತ್ತ ಶಿಕ್ಷಕಿ. ಮೈಸೂರಿನ ಕುವೆಂಪುನಗರದಲ್ಲಿ ಸ್ವಂತ ಮನೆ ಇದೆ. ಮಗಳ ಮದುವೆಯಾದ ಮೇಲೆ ಮಹಡಿ ಖಾಲಿ ಬಿದ್ದಿತ್ತು. 2025ರ ಏಪ್ರಿಲ್‌ನಲ್ಲಿ ಮೊದಲ ಸಲ ಬಾಡಿಗೆಗೆ ಕೊಟ್ಟೆ. ತಿಂಗಳಿಗೆ 14 ಸಾವಿರ, ಅಡ್ವಾನ್ಸ್ 1 ಲಕ್ಷ. ಬಂದವರು ಬ್ಯಾಂಕ್ ನೌಕರ, ಅವರ ಹೆಂಡತಿ, ಒಂದು ಪುಟ್ಟ ಮಗು.

ಹನ್ನೊಂದು ತಿಂಗಳ ಕರಾರು ಬರೆಸುವಾಗ ಆ ಹುಡುಗ ನನ್ನ ಪಾನ್ ನಂಬರ್ ಕೇಳಿದ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ, ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ ಮಾಲೀಕರ ಪಾನ್ ಕೊಡಲೇಬೇಕಂತೆ. ಅಷ್ಟಕ್ಕೇ ನಮ್ಮ ಬೀದಿಯೆಲ್ಲ ಸಲಹೆ ಕೊಡಲು ಶುರು. 'ಪಾನ್ ಕೊಡ್ಬೇಡಿ ಮೇಡಂ, ಟ್ಯಾಕ್ಸ್‌ನವರು ಹಿಂದೆ ಬೀಳ್ತಾರೆ. ಕರಾರಿನಲ್ಲಿ 8 ಸಾವಿರ ಬರೆಸಿ, ಮಿಕ್ಕ 6 ಸಾವಿರ ಕೈಗೆ ತಗೊಳ್ಳಿ.' 8 ಸಾವಿರವೇ ಯಾಕೆ ಗೊತ್ತಾ? ವರ್ಷಕ್ಕೆ 96 ಸಾವಿರ ಆಗುತ್ತದೆ, ಲಕ್ಷ ದಾಟುವುದಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಈ ಲೆಕ್ಕ ಮಾತ್ರ ಒಪ್ಪಿಗೆಯಾಗಲಿಲ್ಲ. ನಾಳೆ ಆತ ಬಾಡಿಗೆ ನಿಲ್ಲಿಸಿದರೆ ಯಾವ ಬಾಯಲ್ಲಿ 14 ಸಾವಿರ ಕೇಳಲಿ? ಕಾಗದ 8 ಸಾವಿರ ಅನ್ನುತ್ತದಲ್ವಾ?

ಆಡಿಟರ್ ಹತ್ತಿರ ಹೋದೆ. ವರ್ಷದ ಬಾಡಿಗೆ 1,68,000. ಅದರಲ್ಲಿ ಮಹಡಿಯ ಪಾಲಿಗೆ ನಾನು ಕಟ್ಟಿದ ಮನೆ ಕಂದಾಯ 6,000 ಕಳೆದರು. ಉಳಿದದ್ದರಲ್ಲಿ ಶೇ 30, ಅಂದರೆ 48,600, ಸೀದಾ ಬಿಟ್ಟರು. ಪೇಂಟಿಂಗ್‌ಗೆ 32 ಸಾವಿರ ಖರ್ಚಾಗಿದೆ, ಬಿಲ್ ಇದೆ ಅಂದೆ. 'ಬಿಲ್ ಬೇಡಮ್ಮ, ರಿಪೇರಿಯೆಲ್ಲ ಈ 30ರಲ್ಲೇ ಬಂತು. ಸುಣ್ಣ ಹೊಡೆಸದಿದ್ದರೂ ಇಷ್ಟು ಸಿಗುತ್ತೆ' ಅಂದರು. ಅಡ್ವಾನ್ಸ್ ವಾಪಸ್ ಕೊಡಬೇಕಾದ ದುಡ್ಡು, ಹಾಗಾಗಿ ಅದು ಆದಾಯ ಅಲ್ಲ. ಅದನ್ನು ಎಫ್‌ಡಿ ಇಟ್ಟರೆ ಬರುವ ಬಡ್ಡಿ ಮಾತ್ರ ಆದಾಯ. ನಾನು ಇನ್ನೂ ಇಟ್ಟಿಲ್ಲ.

ಕೊನೆಗೆ ಬಾಡಿಗೆಯಿಂದ ಲೆಕ್ಕಕ್ಕೆ ಸೇರಿದ್ದು 1,13,400. ನನ್ನ ಪಿಂಚಣಿ ತಿಂಗಳಿಗೆ 38 ಸಾವಿರ. ಎರಡನ್ನೂ ಕೂಡಿದರೂ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳದ 12 ಲಕ್ಷದ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಕಟ್ಟಬೇಕಾದ ತೆರಿಗೆ ಸೊನ್ನೆ! ರಿಟರ್ನ್ ಮಾತ್ರ ತಪ್ಪದೆ ಹಾಕಬೇಕು. ಇಷ್ಟಕ್ಕೆ ಬೀದಿಯವರೆಲ್ಲ ಸುಮ್ನೆ ಹೆದರಿ, ಕಡಿಮೆ ಬಾಡಿಗೆಯ ಸುಳ್ಳು ಕರಾರಿಗೆ ಸಹಿ ಹಾಕುತ್ತಿದ್ದಾರೆ.

ನಾನು ನಿಜವಾಗಿ ಪೆಟ್ಟು ತಿಂದದ್ದು ಕರೆಂಟ್ ವಿಷಯದಲ್ಲಿ. ಎರಡೂ ಮನೆಗೆ ಒಂದೇ ಮೀಟರ್ ಇತ್ತು. ನಾನೊಬ್ಬಳೇ ಇದ್ದಾಗ ಗೃಹಜ್ಯೋತಿಯಲ್ಲಿ ಬಿಲ್ಲೇ ಬರುತ್ತಿರಲಿಲ್ಲ. ಮೇ ತಿಂಗಳ ಸೆಕೆಗೆ ಮೇಲೂ ಕೆಳಗೂ ಫ್ಯಾನ್ ತಿರುಗಿ 200 ಯೂನಿಟ್ ದಾಟಿತು, ಪೂರ್ತಿ ಬಿಲ್ ಬಂತು. ಅರ್ಧರ್ಧ ಹಂಚಿಕೊಂಡೆವು, ಆದರೆ ಇಬ್ಬರ ಮುಖವೂ ಸಪ್ಪೆ. ಈಗ ಮಹಡಿಗೆ ಬೇರೆ ಮೀಟರ್ ಹಾಕಿಸಿದ್ದೇನೆ. ಬಾಡಿಗೆಗಿದೆ ಅನ್ನುವ ಬೋರ್ಡ್ ತೂಗುಹಾಕುವ ಮೊದಲೇ ಆಗಬೇಕಿದ್ದ ಕೆಲಸ ಅದು.

ನಿಮ್ಮ ಹಣಕಾಸು ಪುಟದಲ್ಲಿ ಶೇರು, ಚಿನ್ನದ ಮಾತೇ ಜಾಸ್ತಿ. ಒಂದು ಮಹಡಿ ಬಾಡಿಗೆಗೆ ಕೊಡುವ ನಮ್ಮಂಥವರ ಲೆಕ್ಕವನ್ನೂ, ರಿಟರ್ನ್ ಹಾಕುವ ದಿನಗಳು ಬರುವ ಮುಂಚೆ ಒಮ್ಮೆ ಪ್ರಕಟಿಸಿ.

– ನಿವೃತ್ತ ಶಿಕ್ಷಕಿ, ಮೈಸೂರು