ರಸ್ತೆ ಬದಿಯ ಕೊಠಡಿಗಳ ದುರಸ್ತಿ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯರೇ,

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿರುವ ನಮ್ಮ ಹೋಟೆಲಿನ ರಸ್ತೆ ಬದಿಯ ಕೊಠಡಿಗಳನ್ನು ದೀಪಾವಳಿಯ ನಂತರ ದುರಸ್ತಿಗಾಗಿ ಮುಚ್ಚಲಾಗುವುದು. ಹಿಂಬದಿಯ ಕೊಠಡಿಗಳೂ ಊಟದ ಹಾಲ್ ಕೂಡ ಎಂದಿನಂತೆ ತೆರೆದಿರುತ್ತವೆ.

1970ರ ದಶಕದಲ್ಲಿ ಗಿಲಾವು, ಬಣ್ಣ ಎರಡೂ ಇಲ್ಲದೆ ಕಟ್ಟಿದ ಈ ಕಟ್ಟಡದ ಸಜ್ಜಾಗಳಲ್ಲಿ ಬಿರುಕು ಬಿಟ್ಟಿರುವುದನ್ನು ನಿಮ್ಮಲ್ಲಿ ಅನೇಕರು ಗಮನಿಸಿದ್ದೀರಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಸೇರಿದಂತೆ ಕಾಂಕ್ರೀಟ್ ತನ್ನ ಕ್ಷಾರಗುಣವನ್ನು ಕಳೆದುಕೊಳ್ಳುತ್ತದೆ. ಆ ಕ್ಷಾರದ ರಕ್ಷಣೆ ತಪ್ಪಿದ ಕಬ್ಬಿಣದ ಸರಳು ತೇವ ತಾಗಿದಾಗ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಕಾಂಕ್ರೀಟನ್ನು ಸಿಡಿಸುತ್ತದೆ. ಪರೀಕ್ಷೆಗಾಗಿ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದಾಗ ಕ್ಷಾರವಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗಬೇಕು. ನಮ್ಮ ಸಜ್ಜಾಗಳ ಅಂಚಿನಲ್ಲಿ ಸರಳಿನ ಆಳದವರೆಗೂ ಬಣ್ಣ ಬರಲಿಲ್ಲ. ಆದ್ದರಿಂದ ಸಡಿಲವಾದ ಕಾಂಕ್ರೀಟನ್ನು ಒಡೆದು ತೆಗೆದು, ಸರಳುಗಳ ತುಕ್ಕು ಉಜ್ಜಿ, ರಕ್ಷಕ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿ, ಸರಿಯಾಗಿ ಕ್ಯೂರಿಂಗ್ (ತೇವ ಆರದಂತೆ ನೋಡಿಕೊಂಡು ಗಟ್ಟಿಯಾಗಿಸುವುದು) ಮಾಡಬೇಕಾಗಿದೆ.

ಇಷ್ಟೆಲ್ಲ ಏಕೆ, ಮುಂಭಾಗಕ್ಕೆ ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ತಗಡುಗಳ ನಡುವೆ ತಿರುಳಿಟ್ಟ ಹಲಗೆ) ಹೊದಿಸಿದರೆ ಹೊಸದಾಗಿ ಕಾಣುವುದಲ್ಲವೇ ಎಂದು ಹಲವರು ಕೇಳಿದ್ದಾರೆ. ಶೀಟಿನ ಹಿಂದೆ ತುಕ್ಕು ನಿಲ್ಲುವುದಿಲ್ಲ, ಕಣ್ಣಿಗೆ ಬೀಳುವುದೂ ಇಲ್ಲ. ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್ ತಿರುಳಿನ ಶೀಟುಗಳು ಬೆಂಕಿಯನ್ನು ವೇಗವಾಗಿ ಹರಡುತ್ತವೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತ ದುರಂತದಲ್ಲಿ ಅಂಥ ಹೊದಿಕೆಯ ಪಾತ್ರ ದೊಡ್ಡದಿತ್ತು. ಜನ ಮಲಗುವ ಕಟ್ಟಡಕ್ಕೆ ಅಂಥದ್ದನ್ನು ಹೊದಿಸಲು ನಾವು ಒಪ್ಪಲಾರೆವು.

ಇನ್ನೊಂದು ಕಾರಣವೂ ಇದೆ. ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ವಿನ್ಯಾಸಗೊಳಿಸಿದ ಸರ್ಕಾರಿ ಕಟ್ಟಡಗಳ ಹಾಗೆ ಇಲ್ಲಿಯೂ ಕಾಂಕ್ರೀಟನ್ನು ಮುಚ್ಚದೆ ಬಿಟ್ಟಿರುವುದು ಉದ್ದೇಶಪೂರ್ವಕವಾಗಿಯೇ. ಕಾಂಕ್ರೀಟ್ ಸುರಿಯಲು ಅಚ್ಚಾಗಿ ಕಟ್ಟಿದ್ದ ಸೆಂಟ್ರಿಂಗ್ ಹಲಗೆಗಳ ನಾರಿನ ಗುರುತು ಇಂದಿಗೂ ಗೋಡೆಗಳ ಮೇಲೆ ಸ್ಪಷ್ಟವಾಗಿದೆ. ಅದು ಕೆಲಸಗಾರರ ಕೈಚಳಕ, ಒಮ್ಮೆ ಮುಚ್ಚಿದರೆ ಮತ್ತೆ ಸಿಗದು. ಆಳವಾದ ಸಜ್ಜಾಗಳು ಏಪ್ರಿಲ್ ಬಿಸಿಲನ್ನು ಕಿಟಕಿಗೆ ತಾಗಗೊಡುವುದಿಲ್ಲವಾದ್ದರಿಂದ ಅವುಗಳನ್ನು ಕತ್ತರಿಸದೆ ಉಳಿಸಿಕೊಳ್ಳುತ್ತೇವೆ. ತೇಪೆ ಹಾಕಿದ ಜಾಗಗಳ ಬಣ್ಣ ಮೊದಮೊದಲು ಬೇರೆಯಾಗಿ ಕಾಣುವುದು. ಅದನ್ನು ಮರೆಮಾಚಲು ಪೇಂಟ್ ಬಳಿಯುವುದಿಲ್ಲ.

ಸಾರುವೆ ಕಟ್ಟಿರುವಷ್ಟು ಕಾಲ ಹಿಂದಿನ ಗಲ್ಲಿಯ ಬಾಗಿಲಿನಿಂದ ಬರಬೇಕಾಗಿ ವಿನಂತಿ. ಒಡೆಯುವ ಕೆಲಸ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ನಡೆಯುವುದು. ಮದುವೆ ಸಮಾರಂಭಗಳಿಗೆ ರಸ್ತೆ ಬದಿಯ ಕೊಠಡಿಗಳನ್ನು ಕಾಯ್ದಿರಿಸಿದವರು ಅದೇ ದರದಲ್ಲಿ ಹಿಂಬದಿಯ ಕೊಠಡಿ ಪಡೆಯಬಹುದು, ಇಲ್ಲವೇ ಮುಂಗಡವನ್ನು ಪೂರ್ತಿ ಹಿಂಪಡೆಯಬಹುದು. ದುರಸ್ತಿಯ ವೆಚ್ಚಕ್ಕಾಗಿ ಬಾಡಿಗೆ ಹೆಚ್ಚಿಸುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಪಾಲುದಾರರು ಮತ್ತು ಸಿಬ್ಬಂದಿ